ಅವಳನ್ನೇ ಕೇಳಬಹುದಿತ್ತು

1928ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಸರ್ಕಾರವೇ ನಡೆಸುತ್ತಿದ್ದ ಸಂಸ್ಥೆಯೊಂದರಲ್ಲಿ ಡೋರಿಸ್ ಬಕ್ ಎಂಬ ಹದಿಹರೆಯದ ಹುಡುಗಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಅಪೆಂಡಿಕ್ಸ್ ತೆಗೆದಿದ್ದೇವೆ ಎಂದು ಅವಳಿಗೆ ಹೇಳಿದರು. ಮುಂದೆ ಅವಳಿಗೆ ಮದುವೆಯಾಯಿತು, ಮಕ್ಕಳಾಗಲಿಲ್ಲ. ಅಂದು ನಡೆದದ್ದು ಸಂತಾನಹರಣ ಚಿಕಿತ್ಸೆ ಎಂದು ಗೊತ್ತಾಗುವ ಹೊತ್ತಿಗೆ ಅರ್ಧ ಶತಮಾನವೇ ಕಳೆದಿತ್ತು.

ಅವಳ ಅಕ್ಕ ಕ್ಯಾರಿ ಬಕ್‌ಗೆ ಅದೇ ಚಿಕಿತ್ಸೆ ಮಾಡಲು ಅಮೆರಿಕದ ಸುಪ್ರೀಂ ಕೋರ್ಟ್ 1927ರಲ್ಲಿ ಅನುಮತಿ ಕೊಟ್ಟಿತ್ತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಒಪ್ಪಿದ್ದರು. ಕ್ಯಾರಿಗೆ 'ಮಂದಬುದ್ಧಿ' ಎಂಬ ಹಣೆಪಟ್ಟಿ ಹಚ್ಚಲಾಗಿತ್ತು. ಆದರೆ ಅವಳು ಶಾಲೆಯಲ್ಲಿ ಎಲ್ಲರಂತೆ ಪಾಸಾಗುತ್ತಿದ್ದವಳು ಎಂಬುದನ್ನು ದಾಖಲೆಗಳು ನಂತರ ತೋರಿಸಿದವು. ಇದು ಕಥೆಯ ಅರ್ಧ ಭಾಗ ಮಾತ್ರ. ಹಣೆಪಟ್ಟಿ ನಿಜವೇ ಆಗಿದ್ದರೆ ಸುಳ್ಳು ಹೇಳಿ ಕೊಯ್ಯುವುದು ಸರಿಯಾಗುತ್ತಿತ್ತೇ?

ನಮ್ಮ ದೇಶವೂ ಈ ಪ್ರಶ್ನೆಯನ್ನು ಎದುರಿಸಿದೆ. 1994ರ ಫೆಬ್ರುವರಿಯಲ್ಲಿ, ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ಪಾಲನಾಲಯದಲ್ಲಿದ್ದ ಬೌದ್ಧಿಕ ವೈಕಲ್ಯದ ಹೆಣ್ಣುಮಕ್ಕಳನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಕರೆದೊಯ್ದು ಗರ್ಭಕೋಶ ತೆಗೆಯಲಾಯಿತು. ಮುಟ್ಟಿನ ದಿನಗಳ ಶುಚಿತ್ವ ಅವರಿಂದಾಗದು ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ಉಳಿದ ಶಸ್ತ್ರಚಿಕಿತ್ಸೆಗಳು ನಿಂತವು.

ಆದರೆ ಆ ಶುಚಿತ್ವ ಕಲಿಸಬಹುದಾದ ಕೆಲಸ. ವಿಶೇಷ ಶಿಕ್ಷಕಿಯರು ಅದನ್ನು ಚಿಕ್ಕಚಿಕ್ಕ ಹಂತಗಳಾಗಿ ಒಡೆದು, ಚಿತ್ರ ತೋರಿಸಿ, ಪ್ಯಾಡ್ ಇಡುವ ಜಾಗವನ್ನು ಬದಲಿಸದೆ, ತಿಂಗಳುಗಟ್ಟಲೆ ರೂಢಿ ಮಾಡಿಸುತ್ತಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು, ನೋವಿರುವ ಜಾಗವನ್ನು ಮುಟ್ಟಿ ತೋರಿಸುವುದು, ಮಾತ್ರೆಯ ಹೊತ್ತನ್ನು ನೆನಪಿಡುವುದು, 'ಬೇಡ' ಎನ್ನುವುದು, ಇವೂ ಹಾಗೆಯೇ ಬರುತ್ತವೆ. ಕೆಲವರಿಗೆ ಕೊನೆಯವರೆಗೂ ಜೊತೆಗೊಬ್ಬರು ಬೇಕಾಗಬಹುದು. ಜೊತೆಗಿರುವುದು ಬೇರೆ, ಅವರ ಬದಲು ತಾವೇ ತೀರ್ಮಾನಿಸುವುದು ಬೇರೆ.

ಈ ವ್ಯತ್ಯಾಸ 2009ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂತು. ಚಂಡೀಗಢದ ಸರ್ಕಾರಿ ಸಂಸ್ಥೆಯಲ್ಲಿದ್ದ, ಬೌದ್ಧಿಕ ವೈಕಲ್ಯವಿದ್ದ ಯುವತಿಯೊಬ್ಬಳು ಅತ್ಯಾಚಾರದಿಂದ ಗರ್ಭಿಣಿಯಾಗಿದ್ದಳು. ಮಗು ಬೇಕು ಎಂಬುದು ಅವಳ ಇಚ್ಛೆ. ಹೈಕೋರ್ಟ್ ಗರ್ಭಪಾತಕ್ಕೆ ಆದೇಶಿಸಿತ್ತು. ಆಗಸ್ಟ್ 28ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಬೌದ್ಧಿಕ ವೈಕಲ್ಯವೂ ಮಾನಸಿಕ ಕಾಯಿಲೆಯೂ ಒಂದೇ ಅಲ್ಲ, ವಯಸ್ಕಳಾದ ಅವಳ ಒಪ್ಪಿಗೆ ಬೇಕೇ ಬೇಕು ಎಂದಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇನ್ನೂ ಮುಂದೆ ಹೋಗಿ, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಯಾರನ್ನೂ ಬಂಜೆತನಕ್ಕೆ ದೂಡುವ ಚಿಕಿತ್ಸೆ ಕೂಡದು ಎಂದಿದೆ.

'ತಿಳಿದು' ಎಂಬ ಆ ಪದವನ್ನು ಕಾಯ್ದೆಯೊಂದೇ ಈಡೇರಿಸಲಾರದು. ಹದಿನೆಂಟು ತುಂಬುವವರೆಗೆ ಸಹಿ ಹೆತ್ತವರದ್ದೇ ಇರಬಹುದು. ಆದರೆ ತಿಳಿಯುವುದು ಹದಿನೆಂಟರ ಮರುದಿನ ಶುರುವಾಗುವುದಿಲ್ಲ. ಹದಿಮೂರರ ಹುಡುಗಿ ಅಮ್ಮನ ಪಕ್ಕ ಕೂತಿರುವಾಗ, 'ಇವಳಿಗೆ ಏನಾಗಿದೆ?' ಎಂದು ಅಮ್ಮನನ್ನು ಕೇಳುವ ಬದಲು, 'ಎಲ್ಲಿ ನೋಯ್ತಿದೆಯಮ್ಮ?' ಎಂದು ವೈದ್ಯರು ಅವಳನ್ನೇ ಕೇಳಿ, ಉತ್ತರ ಬರುವವರೆಗೆ ಕಾಯಬೇಕು. ಡೋರಿಸ್‌ಗಾಗಿ ಹಾಗೆ ಯಾರೂ ಕಾಯಲಿಲ್ಲ.