ರಾಸ್ ಸಾಹೇಬನ ತೊಟ್ಟಿ, ನಮ್ಮನೆ ಬಾಟಲಿ

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಿನಲ್ಲಿ ಸಂಜೆ ಐದೂವರೆಗೆ ಕಿಟಕಿ ಮುಚ್ಚೋದು ಒಂದು ವ್ರತ. ಒಂದು ನಿಮಿಷ ತಡವಾದ್ರೂ ರಾತ್ರಿಯಿಡೀ ಕಿವಿ ಹತ್ರ ಸಂಗೀತ ಕಛೇರಿ. ಚಳಿಗೆ ಸೊಳ್ಳೆ ಸಾಯುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನಮ್ಮೂರ ಚಳಿಗೆ ಅದರ ಮರಿ ಬೆಳೆಯೋದು ಸ್ವಲ್ಪ ನಿಧಾನ ಆಗಬಹುದು, ಅಷ್ಟೇ. ಮಳೆಗಾಲದಲ್ಲಿ ಮೋರಿಗಳು ಆಗಾಗ ತೊಳೆದುಹೋಗುತ್ತಿದ್ದವು. ಈಗ ಅದೇ ಮೋರಿಯಲ್ಲಿ ಕೊಳಕು ನೀರು ಮಡುಗಟ್ಟಿದೆ. ರಾತ್ರಿ ಕಚ್ಚುವ ಕ್ಯೂಲೆಕ್ಸ್ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಬೇಕೆ?

ಈ ಕಾಟ ಹೊಸದೇನಲ್ಲ. 1883ರಲ್ಲಿ ಇದೇ ಬೆಂಗಳೂರಿನ ದಂಡಿಗೆ ಒಬ್ಬ ಮಿಲಿಟರಿ ಡಾಕ್ಟರ್ ಬಂದ. ಹುಟ್ಟಿದ್ದು ಅಲ್ಮೋರಾದಲ್ಲಿ, ವಯಸ್ಸು ಇಪ್ಪತ್ತಾರು, ಹೆಸರು ರೊನಾಲ್ಡ್ ರಾಸ್. ಬಂಗಲೆ ಚೆನ್ನಾಗಿತ್ತು, ಸೊಳ್ಳೆ ಮಾತ್ರ ಸಾಕಪ್ಪಾ ಸಾಕು ಅನ್ನಿಸುವಷ್ಟು. ಒಂದು ಕೋಣೆಯಲ್ಲಿ ಉಳಿದವಕ್ಕಿಂತ ಜಾಸ್ತಿ ಸೊಳ್ಳೆ ಇರೋದು ಆತನ ಕಣ್ಣಿಗೆ ಬಿತ್ತು. ಹೊರಗೆ ಹೋಗಿ ನೋಡಿದರೆ ಆ ಕೋಣೆಯ ಕಿಟಕಿ ಕೆಳಗೇ ಒಂದು ನೀರಿನ ತೊಟ್ಟಿ, ಅದರ ತುಂಬ ಕುಣಿಯುವ ಹುಳುಗಳು. ತೊಟ್ಟಿ ಮಗುಚಿ ಹಾಕಿಸಿದ. ಸೊಳ್ಳೆ ಹೆಚ್ಚುಕಮ್ಮಿ ಮಾಯ!

ಹುಮ್ಮಸ್ಸಿನಿಂದ ಹೋಗಿ ದಂಡಿನ ಅಜುಟಂಟ್ ಅಧಿಕಾರಿಗೆ ಹೇಳಿದ. ಮೆಸ್ಸಿನಲ್ಲೂ ಹೀಗೇ ಮಾಡೋಣ, ತೋಟದ ತೊಟ್ಟಿಗಳಲ್ಲಿ, ಹೂದಾನಿಗಳಲ್ಲಿ, ಊಟದ ಮೇಜಿನ ಕೆಳಗಿಟ್ಟ ಡಬ್ಬಗಳಲ್ಲಿ ಕೂಡ ಮರಿಗಳಿವೆ ಅಂದ. ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನೂ ಯಾವುದೋ ಉದ್ದೇಶಕ್ಕೆ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳೋದು ನಮ್ಮ ಕರ್ತವ್ಯ ಅಂತ ಆತನ ವಾದ. ಹಾಗಾದ್ರೆ ತಿಗಣೆ, ಚಿಗಟಗಳನ್ನೂ ಮೈಮೇಲೆ ಹೊತ್ತು ತಿರುಗಬೇಕಾ ಅಂತ ರಾಸ್ ಕೇಳಿದ್ದೂ ದಂಡ. ಇದನ್ನೆಲ್ಲ ರಾಸ್ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಸೊಳ್ಳೆಯಿಂದ ಮಲೇರಿಯಾ ಹರಡುತ್ತೆ ಅನ್ನೋದು ಆ ತೊಟ್ಟಿ ಮಗುಚಿದಾಗ ಅವನಿಗೂ ಗೊತ್ತಿರಲಿಲ್ಲ. ಅದು ಪತ್ತೆಯಾಗಿದ್ದು ಹದಿನಾಲ್ಕು ವರ್ಷ ಕಳೆದ ಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಮಲೇರಿಯಾ ರೋಗಿಯೊಬ್ಬನಿಗೆ ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೊಟ್ಟು, ಆ ಸೊಳ್ಳೆಗಳನ್ನು ಸೀಳಿ ನೋಡಿದಾಗ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಜೀವಿ ಸಿಕ್ಕಿತು. 1902ರಲ್ಲಿ ನೊಬೆಲ್ ಬಂತು. ಆದರೆ ಉಪಾಯ ಮಾತ್ರ ಬೆಂಗಳೂರಿನ ಹಳೇ ಉಪಾಯವೇ: ನಿಂತ ನೀರು ಚೆಲ್ಲಿ. 1901ರಲ್ಲಿ ಕ್ಯೂಬಾದ ಹವಾನಾದಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಗೋರ್ಗಾಸ್ ಮನೆಮನೆಗೂ ಜನರನ್ನು ಕಳಿಸಿ ನೀರಿನ ಪಾತ್ರೆಗಳನ್ನು ಮುಚ್ಚಿಸಿದ, ನಿಂತ ನೀರಿಗೆ ಎಣ್ಣೆ ಹಾಕಿಸಿದ. ಅದೇ ವರ್ಷ ಆ ಊರಿನಿಂದ ಹಳದಿ ಜ್ವರ ಕಾಲ್ತೆಗೆಯಿತು.

ಇದೆಲ್ಲ ಓದಿಕೊಂಡಿದ್ದ ನಾನೇನು ಮಾಡಿದೆ? ಹೋದ ನವೆಂಬರಿನಲ್ಲಿ ಅಮ್ಮನಿಗೆ ಡೆಂಗೆ ಬಂತು. ಪ್ಲೇಟ್‌ಲೆಟ್ ಲೆಕ್ಕ ಕೇಳುತ್ತಾ ಆಸ್ಪತ್ರೆ ಬೆಂಚಿನ ಮೇಲೆ ನಾಲ್ಕು ರಾತ್ರಿ ಕೂತಿದ್ದೆ. ಎದುರಿನ ಖಾಲಿ ಸೈಟು, ಪಕ್ಕದ ಮೋರಿ, ಎಲ್ಲದಕ್ಕೂ ಬೈದಿದ್ದಾಯ್ತು. ಅಮ್ಮ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆ ಕಿಟಕಿಯಲ್ಲಿದ್ದ ಮನಿ ಪ್ಲಾಂಟ್ ಬಾಟಲಿ ಬೆಳಕಿಗೆ ಹಿಡಿದೆ. ಒಳಗೆ ಹತ್ತಾರು ಹುಳುಗಳು ಕುಣೀತಿದ್ದವು. ಅಮ್ಮನಿಗೆ ಕಚ್ಚಿದ್ದು ಅದರಲ್ಲೇ ಹುಟ್ಟಿದ್ದು ಅಂತ ಹೇಳಲಾರೆ. ಆದರೆ ಡೆಂಗೆ ಹರಡುವ ಈಡಿಸ್ ಸೊಳ್ಳೆ ಇಷ್ಟಪಡೋದು ಮನೆಯೊಳಗಿನ ಇಂಥ ತಿಳಿನೀರನ್ನೇ. ಆ ಬಾಟಲಿಯನ್ನು ಸಹಿಸಿಕೊಂಡಿದ್ದವನು ನಾನೇ.

ಮೊಟ್ಟೆಯಿಂದ ರೆಕ್ಕೆ ಬರುವತನಕ ಬೆಚ್ಚಗಿನ ದಿನಗಳಲ್ಲಿ ಎಂಟು ಹತ್ತು ದಿನ ಬೇಕು, ಚಳಿಯಲ್ಲಿ ಇನ್ನೂ ಜಾಸ್ತಿ. ಅಂದ್ರೆ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಒಂದು ಮರಿಯೂ ಹಾರಲ್ಲ. ಆದರೆ ಚೆಲ್ಲಿದರೆ ಸಾಲದು, ಪಾತ್ರೆಯ ಒಳಬದಿಯನ್ನು ಉಜ್ಜಬೇಕು. ಈಡಿಸ್ ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತೆ, ನೀರು ಬಿದ್ದ ಕೂಡಲೇ ಕಣ್ಣು ಬಿಡುತ್ತೆ. ಹೊಗೆ ಬಿಡುವ ಗಾಡಿ ಬರಲಿ ಅಂತ ಕಾಯೋದೂ ವ್ಯರ್ಥ. ಅದು ಕೊಲ್ಲೋದು ಹಾರುವ ಸೊಳ್ಳೆಯನ್ನು ಮಾತ್ರ, ನೀರೊಳಗಿನ ಮರಿಯನ್ನಲ್ಲ.

ಈಗ ನಮ್ಮನೇಲಿ ಪ್ರತಿ ಭಾನುವಾರ ಕಾಫಿ ಆದ ತಕ್ಷಣ ಒಂದು ಸುತ್ತು: ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರು, ಹೂಕುಂಡದ ಕೆಳಗಿನ ಬಟ್ಟಲು, ತಾರಸಿಯ ಟ್ಯಾಂಕಿನ ಮುಚ್ಚಳ. ಇರುವೆ ಬರದಿರಲಿ ಅಂತ ಅಮ್ಮ ಸಕ್ಕರೆ ಡಬ್ಬವನ್ನು ನೀರಿನ ತಟ್ಟೆಯಲ್ಲಿಡ್ತಾರೆ. ರಾಸ್ ಮೆಸ್ಸಿನ ಮೇಜಿನ ಕೆಳಗೆ ಕಂಡ ಡಬ್ಬದ ತಮ್ಮನೇ ಅದು. ಅದನ್ನೂ ಚೆಲ್ಲಿ, ಉಜ್ಜಿ, ಹೊಸ ನೀರು ಹಾಕ್ತೀನಿ. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಈ ಭಾನುವಾರ ನೀವೂ ಒಂದು ಸುತ್ತು ಹಾಕಿ ನೋಡಿ.