ಮೂರು ವರ್ಷ, ಮೂರು ತಿಂಗಳು, ಇಪ್ಪತ್ಮೂರು ದಿನ

ಹನ್ನೆರಡು ವಾರ ಮನೆಯಲ್ಲೇ ಕೂತು ಕಲಿಯಿರಿ, ‘ಮೆಡಿಕಲ್ ಅಸಿಸ್ಟೆಂಟ್’ ಸರ್ಟಿಫಿಕೇಟ್ ಪಡೆಯಿರಿ ಎನ್ನುವ ಜಾಹೀರಾತು ಪಿಯುಸಿ ಮುಗಿಸಿದವರ ಮೊಬೈಲಿಗೆ ಬರುತ್ತಲೇ ಇರುತ್ತದೆ. ಎಂಬಿಬಿಎಸ್ ಸೀಟು ಕೈಗೆಟುಕದು. ನರ್ಸಿಂಗ್ ಓದಲು ವರ್ಷಗಟ್ಟಲೆ ಫೀಸು ಕಟ್ಟಬೇಕು. ಮನೆಗೆ ಮಾತ್ರ ಬೇಗ ಒಂದು ಸಂಬಳ ಬೇಕು. ಹೀಗೆ ಸಿಕ್ಕಿಕೊಂಡವರು ಇಂಥ ಕೋರ್ಸು ಹುಡುಕಿದರೆ ಅಡ್ಡದಾರಿ ಎಂದು ಹಂಗಿಸುವುದು ಸುಲಭ. ಆದರೆ ನಮ್ಮ ದೇಶದಲ್ಲಿ ಈ ದಾರಿಯನ್ನು ತೆರೆದದ್ದು ಸರ್ಕಾರಗಳೇ. ಕಡಿಮೆ ದಿನಗಳಲ್ಲಿ, ಕಡಿಮೆ ಖರ್ಚಿನಲ್ಲಿ ರೋಗಿಯ ಪಕ್ಕ ನಿಲ್ಲುವವರನ್ನು ತಯಾರು ಮಾಡುವುದು, ಕೆಲಸವಾದ ಮೇಲೆ ಅವರ ಓದು ಕೀಳೆಂದು ಬಾಗಿಲು ಹಾಕುವುದು, ಮತ್ತೆ ಜನ ಸಾಲದೆ ಇನ್ನೊಂದು ಕೋರ್ಸು ಶುರುಮಾಡುವುದು: ಇನ್ನೂರು ವರ್ಷಗಳ ಚರಿತ್ರೆಯಲ್ಲಿ ಈ ಸುತ್ತು ಮತ್ತೆ ಮತ್ತೆ ಎದುರಾಗುತ್ತದೆ.

ಮೊದಲ ಸುತ್ತು 1822ರ ಕಲ್ಕತ್ತೆಯದು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಬೆಳೆಯುತ್ತಿತ್ತು. ಪ್ರತಿ ಪಲ್ಟನ್ನಿಗೂ ಬೇಕಾದಷ್ಟು ಸರ್ಜನ್ನರನ್ನು ಇಂಗ್ಲೆಂಡಿನಿಂದ ತರಿಸುವುದು ದುಬಾರಿಯ ಮಾತು. ಅವರ ಕೈಕೆಳಗೆ ಗಾಯ ಕಟ್ಟಲು, ಔಷಧಿ ಕೊಡಲು ಇಲ್ಲಿನ ಹುಡುಗರೇ ಇರಲಿ ಎಂದು ಕಂಪನಿ ‘ನೇಟಿವ್ ಮೆಡಿಕಲ್ ಇನ್‌ಸ್ಟಿಟ್ಯೂಷನ್’ ತೆರೆಯಿತು. ಶುರುವಿನಲ್ಲಿ ಇಪ್ಪತ್ತು ಮಂದಿ ವಿದ್ಯಾರ್ಥಿಗಳು, ಸುಮಾರು ಮೂರು ವರ್ಷದ ಓದು, ಪಾಠ ಹಿಂದುಸ್ತಾನಿಯಲ್ಲಿ. ಅಂಗರಚನೆಯನ್ನು ಪ್ರಾಣಿಗಳ ದೇಹ ಕೊಯ್ದು ಕಲಿಸುತ್ತಿದ್ದರು; ಉಳಿದದ್ದನ್ನು ಹುಡುಗರು ಊರಿನ ಆಸ್ಪತ್ರೆಗಳಲ್ಲಿ ರೋಗಿಗಳ ನಡುವೆ ನಿಂತು ಕಲಿಯಬೇಕಿತ್ತು. ಶಾಲೆಯ ಮುಖ್ಯಸ್ಥನಾಗಿದ್ದ ಪೀಟರ್ ಬ್ರೆಟನ್ 1825ರಲ್ಲಿ ದೇಹದ ಅಂಗಗಳ, ವೈದ್ಯಕೀಯ ಪದಗಳ ಒಂದು ಕೋಶವನ್ನು ಇಂಗ್ಲಿಷ್, ಅರಬ್ಬಿ, ಪಾರ್ಸಿ, ಹಿಂದಿ, ಸಂಸ್ಕೃತ ಐದರಲ್ಲೂ ಮಾಡಿಕೊಟ್ಟ. ಅಗ್ಗದ ಸಹಾಯಕರು ಬೇಕೆಂಬ ಲೆಕ್ಕಾಚಾರದಿಂದ ಹುಟ್ಟಿದ ಶಾಲೆಯಿಂದ ಇಂಥ ಪುಸ್ತಕ ಬಂತು! ಕನ್ನಡದಲ್ಲಿ ವೈದ್ಯಕೀಯ ಕಲಿಸಬಹುದೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಬ್ರೆಟನ್ ನೆನಪಾಗುತ್ತಾನೆ.

ಆ ಶಾಲೆ ಬಹಳ ಕಾಲ ಬಾಳಲಿಲ್ಲ. ದೇಶಭಾಷೆಯಲ್ಲಿ ಕಲಿತ ವೈದ್ಯಕೀಯ ಅರೆಬರೆಯೆಂದು ಬೆಂಟಿಂಕ್ ನೇಮಿಸಿದ ಸಮಿತಿ ತೀರ್ಮಾನಿಸಿತು. 1835ರಲ್ಲಿ ಶಾಲೆ ಮುಚ್ಚಿ, ಇಂಗ್ಲಿಷಿನಲ್ಲಿ ಕಲಿಸುವ ಕಲ್ಕತ್ತಾ ಮೆಡಿಕಲ್ ಕಾಲೇಜು ಶುರುವಾಯಿತು. ಆದರೆ ಪಲ್ಟನ್ನುಗಳಿಗೆ ಸಹಾಯಕರು ಬೇಕೇ ಬೇಕಲ್ಲ. ನಾಲ್ಕೇ ವರ್ಷಕ್ಕೆ, 1839ರಲ್ಲಿ, ಅದೇ ಕಾಲೇಜಿನೊಳಗೆ ಹಿಂದುಸ್ತಾನಿ ತರಗತಿ ಮತ್ತೆ ತೆರೆಯಬೇಕಾಯಿತು.

ಮುಂದೆ ಇದೇ ನಡುವಿನ ಮೆಟ್ಟಿಲು ಲೈಸೆನ್ಶಿಯೇಟ್ ಎನಿಸಿಕೊಂಡಿತು. ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ‘ಎಲ್‌ಎಂಪಿ ಡಾಕ್ಟರು’ ಇವರೇ. ಪದವಿಯಿಲ್ಲ, ಸಾಮಾನ್ಯವಾಗಿ ನಾಲ್ಕು ವರ್ಷದ ಮೆಡಿಕಲ್ ಸ್ಕೂಲು. ಅವರ ಪಕ್ಕದ ಕೋಣೆಯಲ್ಲಿ ಕಾಂಪೌಂಡರ್. ಬಣ್ಣದ ಮಿಕ್ಸ್ಚರ್ ಬಾಟಲಿಗೆ ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ, ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ: ಓದು ಬಾರದ ರೋಗಿಗೂ ಅರ್ಥವಾಗುವ ಅಂಥ ಬರಹವನ್ನು ಈಗಿನ ಔಷಧಿ ಪಟ್ಟಿಗಳ ಮೇಲೆ ಹುಡುಕಿದರೂ ಸಿಗದು. ಕಾಂಪೌಂಡರಿಕೆಯನ್ನು ಹೆಚ್ಚಿನವರು ಡಾಕ್ಟರ ಬಳಿ ನಿಂತೇ ಕಲಿತರು. ಇದರಲ್ಲಿ ಅಪಾಯವೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಔಷಧಿ ಬೆರೆಸುವವರಿಗೆ ಸರಿಯಾದ ತರಬೇತಿಯಿಲ್ಲವೆಂದು ಆರ್. ಎನ್. ಚೋಪ್ರಾ ಸಮಿತಿ 1931ರಲ್ಲಿ ಹೇಳಿತು. 1948ರ ಫಾರ್ಮಸಿ ಕಾಯ್ದೆ ಈ ಕೆಲಸವನ್ನು ನೋಂದಾಯಿತ ಫಾರ್ಮಸಿಸ್ಟರಿಗೆ ಕೊಟ್ಟಿತು. ಅನುಭವವಿದ್ದ ಕಾಂಪೌಂಡರುಗಳಿಗೆ ಮೊದಲ ರಿಜಿಸ್ಟರಿನಲ್ಲಿ ಹೆಸರು ಬರೆಸಲು ಅವಕಾಶವಿಟ್ಟಿತು. ಹಳಬರನ್ನು ಬೀದಿಗೆ ಹಾಕದೆ ಬಾಗಿಲು ಹಾಕಿದ ಅಪರೂಪದ ಉದಾಹರಣೆ ಇದು.

ಲೈಸೆನ್ಶಿಯೇಟರ ಕತೆ ಬೇರೆ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಎಣಿಸಿದಾಗ ಬ್ರಿಟಿಷ್ ಇಂಡಿಯಾದಲ್ಲಿ ವೈದ್ಯ ಪದವೀಧರರು 17,654, ಲೈಸೆನ್ಶಿಯೇಟರು 29,870. ಅಂದರೆ ಐದರಲ್ಲಿ ಮೂವರು ಡಾಕ್ಟರು ಈ ಚಿಕ್ಕ ಓದಿನವರು. ಸುಮಾರು 6,300 ಜನಕ್ಕೆ ಒಬ್ಬ ಡಾಕ್ಟರು, 43,000 ಜನಕ್ಕೆ ಒಬ್ಬ ನರ್ಸ್ ಇದ್ದ ಕಾಲ. ಹಾಗಿದ್ದರೂ ಸಮಿತಿಯ ಬಹುಮತ ಲೈಸೆನ್ಶಿಯೇಟ್ ಕೋರ್ಸು ನಿಲ್ಲಿಸಿ ಒಂದೇ ಬಗೆಯ ‘ಮೂಲ ವೈದ್ಯ’ನನ್ನು ತಯಾರಿಸಬೇಕೆಂದಿತು. ಇಷ್ಟು ಕೊರತೆಯಿರುವಾಗ ನಿಲ್ಲಿಸಬಾರದೆಂದು ಕೆಲವು ಸದಸ್ಯರು ಭಿನ್ನಮತ ಬರೆದರು. ಬಹುಮತದ ವಾದಕ್ಕೂ ತೂಕವಿತ್ತು: 1933ರ ಮೆಡಿಕಲ್ ಕೌನ್ಸಿಲ್ ಕಾಯ್ದೆಯಡಿ ಲೈಸೆನ್ಶಿಯೇಟರಿಗೆ ಜಾಗವೇ ಇರಲಿಲ್ಲ, ಈ ಎರಡನೇ ದರ್ಜೆಯ ಹಣೆಪಟ್ಟಿ ಅವರಿಗೂ ಸಾಕಾಗಿತ್ತು. ಆದರೂ ಭಿನ್ನಮತದವರೇ ಮುಂದಿನದನ್ನು ಸರಿಯಾಗಿ ಕಂಡಿದ್ದರು ಎಂಬುದು ನನ್ನ ಅನಿಸಿಕೆ. ಅದೇ ಹೊತ್ತಿನಲ್ಲಿ, ರಾಷ್ಟ್ರೀಯ ಯೋಜನಾ ಸಮಿತಿಗಾಗಿ ಸಾಹಿಬ್ ಸಿಂಗ್ ಸೋಖೆ ನೇತೃತ್ವದ ಉಪಸಮಿತಿ ಹಳ್ಳಿಯ ಸಾವಿರ ಜನಕ್ಕೊಬ್ಬ ಆರೋಗ್ಯ ಕಾರ್ಯಕರ್ತ, ಒಂಬತ್ತು ತಿಂಗಳ ತರಬೇತಿ ಎಂದು ಸೂಚಿಸಿತ್ತು. ಅದು ಕಾಗದದಲ್ಲೇ ಉಳಿಯಿತು.

ನಾಲ್ಕು ವರ್ಷದ ಓದನ್ನು ಕಡಿಮೆಯೆಂದು ತೆಗೆದುಹಾಕಿದ ದೇಶ 1977ರ ಅಕ್ಟೋಬರ್ 2ರಂದು ಹಳ್ಳಿಗಳಿಗೆ ಸಮುದಾಯ ಆರೋಗ್ಯ ಕಾರ್ಯಕರ್ತರನ್ನು ಕಳಿಸುವ ಯೋಜನೆ ಶುರುಮಾಡಿತು. ಲೆಕ್ಕ ಅದೇ, ಸಾವಿರ ಜನಕ್ಕೊಬ್ಬರು. ತರಬೇತಿ ಮೂರು ತಿಂಗಳು. ಗೌರವಧನ ತಿಂಗಳಿಗೆ 50 ರೂಪಾಯಿ. 2005ರಲ್ಲಿ ಆಶಾ ಕಾರ್ಯಕರ್ತೆಯರು ಬಂದರು. ಅವರ ಆರಂಭದ ತರಬೇತಿ 23 ದಿನ. ಆಮೇಲೆ ಇನ್ನಷ್ಟು ಸುತ್ತುಗಳು ಸೇರಿಕೊಂಡವು ನಿಜ, ಆದರೆ ಸರ್ಕಾರದ ಭಾಷೆಯಲ್ಲಿ ಅವರು ಇಂದಿಗೂ ‘ಸ್ವಯಂಸೇವಕಿ’ಯರು. 2025ರ ಜನವರಿಯಲ್ಲಿ ನಾಡಿನ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಕೇಳಿದ್ದು ನಿಗದಿತ ಸಂಬಳವನ್ನು.

ಈಗಿನ ಹನ್ನೆರಡು ವಾರದ ಆನ್‌ಲೈನ್ ಕೋರ್ಸನ್ನು ಈ ಸಾಲಿನ ಕೊನೆಯಲ್ಲಿಟ್ಟು ನೋಡಬೇಕು. ಅವಧಿಯಲ್ಲಿ ಅದು 1977ರ ತರಬೇತಿಗೆ ಸಮ. ವ್ಯತ್ಯಾಸ ಎರಡು. ಅಂದು ತರಬೇತಿಗೆ ಬಂದವರಿಗೆ ಸರ್ಕಾರ ಸ್ಟೈಪೆಂಡ್ ಕೊಡುತ್ತಿತ್ತು, ಇಂದು ಕಲಿಯುವವರೇ ಕೊಡಬೇಕು. ಇನ್ನೊಂದು, 1822ರ ಹುಡುಗರಿಗೂ ಇದ್ದ ವಾರ್ಡು ಇಲ್ಲಿ ಎಷ್ಟೋ ಕಡೆ ಇಲ್ಲವೇ ಇಲ್ಲ. ನಾಡಿ ನೋಡುವುದನ್ನು, ರಕ್ತ ತೆಗೆಯುವುದನ್ನು ವಿಡಿಯೋದಲ್ಲಿ ನೋಡಿ ಮುಗಿಸುತ್ತಾರೆ. 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ‘ಅಲೈಡ್ ಹೆಲ್ತ್ ಪ್ರೊಫೆಷನಲ್’ ಎನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಬೇಕೆನ್ನುತ್ತದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಬಿಡದೆ ಕೂತರೂ ಹನ್ನೆರಡು ವಾರಕ್ಕೆ ಆಗುವುದು 576 ಗಂಟೆ. ಆ ಸರ್ಟಿಫಿಕೇಟ್ ಹಿಡಿದವರು ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯಲು, ಬಿಪಿ ನೋಡಲು ಸೇರಿಕೊಳ್ಳಬಹುದು. ಅಲ್ಲಿಂದ ಮೇಲಿನ ಮೆಟ್ಟಿಲು ಹತ್ತಲು ಹೋದಾಗ ಆ ಕಾಗದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಫೀಸು ಕಟ್ಟುವ ಮೊದಲು ಫೋನಿನಲ್ಲಿ ಕೇಳಿಕೊಳ್ಳಬೇಕಾದ್ದು ಇಷ್ಟು: ಯಾವ ಆಸ್ಪತ್ರೆಯ ವಾರ್ಡಿನಲ್ಲಿ, ಯಾರ ಕೈಕೆಳಗೆ, ಎಷ್ಟು ಗಂಟೆ?