ಸ್ಟೇರಿಂಗಿನ ದೂರು, ಗೇಜಿನ ಲೆಕ್ಕ

ಸ್ಟೇರಿಂಗ್ ಕೈಗೆ ಸಿಗುತ್ತಿಲ್ಲ, ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯುತ್ತದೆ, ತಿರುವಿನಲ್ಲಿ ಮುಂದಿನ ಚಕ್ರಗಳು ಏನು ಮಾಡುತ್ತಿವೆಯೋ ತಿಳಿಯುವುದಿಲ್ಲ. ವೇಗದ ಕಾರು ಓಡಿಸುವವರ ಈ ದೂರಿಗೆ ಹೆಚ್ಚುಕಡಿಮೆ ನೂರು ವರ್ಷ ವಯಸ್ಸು. ಗ್ಯಾರೇಜಿನವರ ಉತ್ತರವೂ ಅಷ್ಟೇ ಹಳೆಯದು: ಅಲೈನ್‌ಮೆಂಟ್ ಮಾಡಿಸಿ. ನಮ್ಮ ಊರುಗಳ ಟೈರ್ ಅಂಗಡಿಗಳ ಮುಂದೆ ‘ಕಂಪ್ಯೂಟರೈಸ್ಡ್ ವೀಲ್ ಅಲೈನ್‌ಮೆಂಟ್’ ಎಂಬ ಬೋರ್ಡು ನೋಡಿ ರೂಢಿಯಾದವರಿಗೆ ಆ ಉತ್ತರ ಸಹಜವೆನಿಸುತ್ತದೆ. ಪರದೆಯ ಮೇಲಿನ ಅಂಕಿಗಳೆಲ್ಲ ಹಸಿರಾದರೆ ಗಾಡಿ ಸರಿ. ಆಮೇಲೂ ದೂರು ಉಳಿದರೆ ಅದು ಓಡಿಸುವವನ ಭ್ರಮೆ. ಈ ತೀರ್ಮಾನ ತಪ್ಪು ಎಂದು ತೋರಿಸಲು ಈ ಕಸುಬಿನ ಚರಿತ್ರೆಯೇ ಸಾಕು. ಮತ್ತೆ ಮತ್ತೆ ದೂರು ಮೊದಲು ಬಂದಿದೆ, ಅದನ್ನು ಅಳೆಯುವ ಸಾಧನ ಆಮೇಲೆ ಬಂದಿದೆ. ಕಾರಣ ಸಿಕ್ಕಿದ್ದು ಬಹುಪಾಲು ಆ ಕಾಲದ ಗೇಜು ಅಳೆಯದೆ ಬಿಟ್ಟ ಜಾಗದಲ್ಲಿ.

ಚಕ್ರಗಳ ಜ್ಯಾಮಿತಿ ಕಾರಿಗಿಂತ ಹಳೆಯದು. ಮ್ಯೂನಿಕ್‌ನ ಸಾರೋಟು ತಯಾರಕ ಗೆಯೋರ್ಗ್ ಲಾಂಕೆನ್‌ಸ್ಪೆರ್ಗರ್ 1817ರಲ್ಲಿ, ತಿರುವಿನ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗುವಂಥ ಜೋಡಣೆಯನ್ನು ರೂಪಿಸಿದ. ಮರುವರ್ಷ ಅವನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ರುಡಾಲ್ಫ್ ಆಕರ್‌ಮನ್ನನ ಹೆಸರೇ ಅದಕ್ಕೆ ಉಳಿಯಿತು. ಆದರೆ ಕುದುರೆಯ ವೇಗದಲ್ಲಿ ತಿರುಗುವುದಷ್ಟೇ ಸಮಸ್ಯೆ. ನೇರ ಹೋಗುವ ಹೊಣೆ ಕುದುರೆಯದು. ಎಂಜಿನ್ ಬಂದಮೇಲೆ ಆ ಹೊಣೆ ಚಕ್ರಗಳ ಮೇಲೆ ಬಿತ್ತು. 1896ರಲ್ಲಿ ಫ್ರಾನ್ಸಿನ ಆರ್ಥರ್ ಕ್ರೆಬ್ಸ್, ಕೈಬಿಟ್ಟರೂ ಮುಂದಿನ ಚಕ್ರಗಳು ತಾವಾಗಿ ನೇರಕ್ಕೆ ಮರಳುವ ಏರ್ಪಾಡನ್ನು ಪೇಟೆಂಟ್ ಮಾಡಿದ. ಇದೇ ಕೆಲಸಕ್ಕೆ, ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷವನ್ನು ಹಿಂದಕ್ಕೆ ಒರಗಿಸುವ ಕೋನವೇ ಇಂದಿನ ಕ್ಯಾಸ್ಟರ್. ಎದುರಿನಿಂದ ಕಾಣುವ ಚಕ್ರದ ವಾಲು ಕ್ಯಾಂಬರ್; ಮೇಲಿನಿಂದ ನೋಡಿದಾಗ ಎರಡೂ ಚಕ್ರಗಳ ಮುಂದಂಚು ಒಳಮುಖವಾಗಿದ್ದರೆ ಟೋ-ಇನ್, ಹೊರಮುಖವಾಗಿದ್ದರೆ ಟೋ-ಔಟ್. ಅಲೈನ್‌ಮೆಂಟ್ ಕಸುಬು ನಿಂತಿರುವುದು ಈ ಮೂರರ ಮೇಲೆ.

ಈ ಕಸುಬಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1920ರ ದಶಕದಲ್ಲಿ. ಕಡಿಮೆ ಗಾಳಿಯ ದಪ್ಪ ಬಲೂನ್ ಟೈರುಗಳೂ ಮುಂದಿನ ಚಕ್ರದ ಬ್ರೇಕುಗಳೂ ಒಟ್ಟೊಟ್ಟಿಗೆ ಬಂದವು. ಒಂದು ವೇಗ ದಾಟಿದೊಡನೆ ಮುಂದಿನ ಚಕ್ರಗಳು ಎಡಬಲಕ್ಕೆ ಬಡಿದುಕೊಳ್ಳತೊಡಗಿ ಸ್ಟೇರಿಂಗ್ ಕೈಯಿಂದ ಕಿತ್ತುಹೋಗುವಷ್ಟು ನಡುಗುತ್ತಿತ್ತು. ಶಿಮ್ಮಿ ಎಂದು ಕರೆಯುತ್ತಿದ್ದ ಈ ಪಿಡುಗಿಗೆ ಮೆಕ್ಯಾನಿಕ್‌ಗಳು ತಮಗೆ ಗೊತ್ತಿದ್ದ ಮದ್ದುಗಳನ್ನೆಲ್ಲ ಮಾಡಿದರು. ಟೈರಿನ ಸುತ್ತ ಸೀಮೆಸುಣ್ಣ ಬಳಿದು, ಅದರ ಮೇಲೆ ಗೀರೆಳೆದು, ಮುಂದೆ ಹಿಂದೆ ಉದ್ದನೆಯ ಸರಳು ಹಿಡಿದು ಟೋ ಅಳೆದರು. ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಬೆಣೆ ತೂರಿಸಿ ಕ್ಯಾಸ್ಟರ್ ಬದಲಿಸಿದರು, ಆಕ್ಸಲ್ಲನ್ನೇ ಜ್ಯಾಕಿನಿಂದ ಬಗ್ಗಿಸಿದರು. ಅಂಕಿಗಳು ಸರಿಯಾದವು, ಎಷ್ಟೋ ಕಾರುಗಳ ನಡುಕ ಮಾತ್ರ ನಿಲ್ಲಲಿಲ್ಲ. ಮೂಲ ಇದ್ದದ್ದು ಆ ಮೂರು ಕೋನಗಳಾಚೆ. ಎರಡೂ ಮುಂದಿನ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಬಿಗಿದಿತ್ತು. ಒಂದು ಚಕ್ರ ಉಬ್ಬಿನ ಮೇಲೆ ಎದ್ದು ಆಕ್ಸಲ್ ವಾಲಿದಾಗ, ಸುತ್ತುತ್ತಿರುವ ಚಕ್ರಗಳ ಗೈರೋಸ್ಕೋಪಿನ ಬಲ ಅವನ್ನು ಪಕ್ಕಕ್ಕೆ ತಿರುಗಿಸುತ್ತಿತ್ತು, ಮೆತ್ತನೆಯ ಟೈರು ಆ ಓಲಾಟವನ್ನು ಬೆಳೆಸುತ್ತಿತ್ತು. ರೋಲ್ಸ್-ರಾಯ್ಸ್‌ನಿಂದ 1930ರಲ್ಲಿ ಅಮೆರಿಕದ ಕ್ಯಾಡಿಲಾಕ್‌ಗೆ ಬಂದ ಇಂಗ್ಲಿಷ್ ಎಂಜಿನಿಯರ್ ಮಾರಿಸ್ ಓಲಿ ಮತ್ತವರ ಸಂಗಡಿಗರ ದುಡಿಮೆಯಿಂದ, ಮುಂದಿನ ಪ್ರತಿ ಚಕ್ರಕ್ಕೂ ಬೇರೆಬೇರೆ ಸಸ್ಪೆನ್ಷನ್ ಇದ್ದ ಜನರಲ್ ಮೋಟಾರ್ಸ್ ಕಾರುಗಳು 1934ರ ಮಾದರಿಗಳಾಗಿ ರಸ್ತೆಗಿಳಿದವು. ಶಿಮ್ಮಿಯ ಕಾಟ ಬಹುಮಟ್ಟಿಗೆ ಇಳಿದದ್ದು ಆ ಗಟ್ಟಿ ಆಕ್ಸಲ್ ಹೋದಮೇಲೆ.

ಆ 1930ರ ದಶಕದಲ್ಲೇ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು, ನನ್ನ ಮಟ್ಟಿಗೆ ಇದು ಮೊದಲಿನದಕ್ಕಿಂತ ದೊಡ್ಡದು. ತಿರುವಿನಲ್ಲಿ ಟೈರು ತಾನು ಮುಖ ಮಾಡಿದ ದಿಕ್ಕಿಗೇ ಹೋಗುವುದಿಲ್ಲ. ರಸ್ತೆಗೆ ಒತ್ತಿದ ಭಾಗ ತಿರುಚಿಕೊಂಡು, ಚಕ್ರ ಒಂದು ಸಣ್ಣ ಕೋನದಷ್ಟು ಜಾರುತ್ತಲೇ ಹಿಡಿತ ಕೊಡುತ್ತದೆ. ಗುಡ್‌ಇಯರ್ ಕಂಪನಿಯವರು ಉಕ್ಕಿನ ಡ್ರಮ್ಮಿನ ಮೇಲೆ ಟೈರು ಓಡಿಸಿ ಇದನ್ನು ಅಳೆದರು. ಮುಂದಿನ ಟೈರು ಹೆಚ್ಚು ಜಾರಿದರೆ ಅಂಡರ್‌ಸ್ಟಿಯರ್, ಹಿಂದಿನದು ಹೆಚ್ಚು ಜಾರಿದರೆ ಓವರ್‌ಸ್ಟಿಯರ್ ಎಂಬ ಮಾತುಗಳು ಓಲಿಯವರ ಬಳಗದಲ್ಲಿ ಬಳಕೆಗೆ ಬಂದವು. ಟೈರಿನ ಹಿಡಿತದ ಬಲ ಒತ್ತಿದ ಭಾಗದ ನಡುವಿಗಿಂತ ತುಸು ಹಿಂದೆ ಬೀಳುವುದರಿಂದಲೂ ಸ್ಟೇರಿಂಗ್ ನೇರಕ್ಕೆ ಮರಳುತ್ತದೆ ಎಂಬುದು ಸ್ಪಷ್ಟವಾಯಿತು. ಎಂದರೆ ಕೈಗೆ ಬರುವ ಸುದ್ದಿಯಲ್ಲಿ ಒಂದು ಪಾಲು ಕ್ಯಾಸ್ಟರಿನದು, ಇನ್ನೊಂದು ಪಾಲು ಟೈರಿನದೇ. ಮಿಶೆಲಿನ್ 1949ರಿಂದ ಮಾರಿದ ರೇಡಿಯಲ್ ಟೈರು ಮುಂದೆ ಎಲ್ಲೆಡೆ ಹಬ್ಬಿದಾಗ ಇದರ ಫಲ ಕಂಡಿತು. 1960ರ ದಶಕದ ಅಮೆರಿಕದ ಕಾರುಗಳ ಕೈಪಿಡಿಗಳಲ್ಲಿ ಕ್ಯಾಸ್ಟರ್ ಸೊನ್ನೆಯ ಆಸುಪಾಸಿನಲ್ಲಿತ್ತು. ಆ ಕಾಲದ ಟೈರಿಗೆ ಅದು ಒಪ್ಪುತ್ತಿತ್ತು. ಅದೇ ಕಾರಿಗೆ ರೇಡಿಯಲ್ ಹಾಕಿ, ಪುಸ್ತಕದಲ್ಲಿದ್ದ ಅಂಕಿಗೇ ತಂದು ನಿಲ್ಲಿಸಿದರೆ ನೇರ ರಸ್ತೆಯಲ್ಲಿ ಸ್ಟೇರಿಂಗ್ ಸಪ್ಪೆಯಾಗುತ್ತದೆ. ಗೇಜಿನ ಲೆಕ್ಕದಲ್ಲಿ ಆ ಕಾರಿಗೆ ಯಾವ ದೋಷವೂ ಇಲ್ಲ.

ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆ, ಅದನ್ನು ಮರೆಮಾಚಬಾರದು. ಪೋರ್ಷೆ 911 ಮೊದಲು ಕಾಣಿಸಿಕೊಂಡದ್ದು 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ. ಮರುವರ್ಷ ತಯಾರಿಕೆ ಆರಂಭವಾಯಿತು. ಎಂಜಿನ್ ಹಿಂದಿನ ಆಕ್ಸಲ್ಲಿಗೂ ಹಿಂದೆ, ಮುಂಭಾಗ ಹಗುರ. ಮೊದಮೊದಲ ಕಾರುಗಳಲ್ಲಿ ಒಂದರ ನಡತೆ ಇನ್ನೊಂದಕ್ಕಿರಲಿಲ್ಲ: ಒಂದು ನೆಟ್ಟಗೆ ಓಡಿದರೆ ಇನ್ನೊಂದು ಅಡ್ಡಗಾಳಿಗೆ ತಡಬಡಿಸುತ್ತಿತ್ತು. ಇಲ್ಲಿ ತಪ್ಪು ನಿಜಕ್ಕೂ ಅಲೈನ್‌ಮೆಂಟಿನದೇ. ಜೋಡಣೆಯ ಏರುಪೇರಿನಿಂದ ಚಕ್ರಗಳ ಕೋನಗಳು ನಕ್ಷೆಯಲ್ಲಿದ್ದಂತೆ ಬರುತ್ತಿರಲಿಲ್ಲ. ತುರ್ತಿಗೆ ಕಾರ್ಖಾನೆಯವರು ಮುಂದಿನ ಬಂಪರಿನ ಎರಡು ತುದಿಗಳಲ್ಲಿ ತಲಾ ಸುಮಾರು 11 ಕಿಲೋ ತೂಕದ ಲೋಹದ ಗಟ್ಟಿ ಕೂರಿಸಿದರು. ಹಗುರವಾಗಿರಬೇಕಾದ ಸ್ಪೋರ್ಟ್ಸ್ ಕಾರಿಗೆ ಭಾರ ಹೇರಿದ ಈ ಪರಿಹಾರವನ್ನು ಮುಂದೆ ಚೆಂದವಾಗಿ ತಿದ್ದಿದರು. 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು, ಒಂದು ಬ್ಯಾಟರಿ ಇದ್ದ ಕಡೆ ಎರಡು ಸಣ್ಣವನ್ನು ಮಾಡಿ ಮುಂದಿನ ಎರಡು ಮೂಲೆಗಳಲ್ಲಿ ಇಟ್ಟರು.

ಹಾಗಾದರೆ ಅಳತೆಯೇ ಗೆದ್ದಿತಲ್ಲ ಎಂದು ಯಾರಾದರೂ ಕೇಳಬಹುದು. ಆ ಪ್ರಸಂಗದಲ್ಲಿ ಹೌದು, ಅಳತೆ ಇಲ್ಲದೆ ಆ ತಪ್ಪು ಹಿಡಿಯಲು ಆಗುತ್ತಿರಲಿಲ್ಲ. ಆದರೆ ಅಳೆಯಿರಿ ಎಂದು ಹೇಳಿದ್ದು ಓಡಿಸಿದವರ ಕೈ. ಅದೂ ಅಲ್ಲದೆ ಆ ಕಾರನ್ನೇ ಇನ್ನಷ್ಟು ಹತ್ತಿರದಿಂದ ನೋಡಿದರೆ ಮುಂದಿನ ಮೂರು ಕೋನಗಳ ಅಳತೆ ಎಷ್ಟು ಕಡಿಮೆ ಬಿದ್ದೀತು ಎಂಬುದು ತಿಳಿಯುತ್ತದೆ. ಆ ಕಾಲದ 911ರ ಹಿಂದಿನ ಚಕ್ರಗಳಿಗೂ ಟೋ ಮತ್ತು ಕ್ಯಾಂಬರ್ ಉಂಟು. ಸ್ಪ್ರಿಂಗ್ ಪ್ಲೇಟಿನಲ್ಲಿರುವ ಎಕ್ಸೆಂಟ್ರಿಕ್ ಬೋಲ್ಟುಗಳನ್ನು ತಿರುಗಿಸಿ ಅವನ್ನು ಹೊಂದಿಸಬೇಕು. ಗಟ್ಟಿ ಹಿಂದಿನ ಆಕ್ಸಲ್ಲಿನ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡ ಗ್ಯಾರೇಜುಗಳಿಗೆ ಅಲೈನ್‌ಮೆಂಟ್ ಎಂದರೆ ಬಹುಕಾಲ ಮುಂದಿನ ಎರಡು ಚಕ್ರ ಮಾತ್ರ. ಹಿಂದಿನ ಚಕ್ರಗಳು ಕಾರಿನ ನಡುಗೆರೆಗೆ ಓರೆಯಾಗಿ ತಳ್ಳುತ್ತಿದ್ದರೆ, ಮುಂದೆ ಎಷ್ಟು ತಿದ್ದಿದರೂ ಸ್ಟೇರಿಂಗನ್ನು ಸೊಟ್ಟ ಹಿಡಿದೇ ನೇರ ಹೋಗಬೇಕು. ಕಾರಿನ ಎತ್ತರದ್ದು ಇನ್ನೊಂದು ಕತೆ. ಅಂದಕ್ಕೆಂದು, ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಸಡಿಲಿಸಿ ಕಾರನ್ನು ತಗ್ಗಿಸುತ್ತಾರೆ. ಆಗ ಚಕ್ರವನ್ನು ತಿರುಗಿಸುವ ಟೈ ರಾಡ್ ಮತ್ತು ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಒಂದೇ ಓಟದಲ್ಲಿ ಆಡುವುದಿಲ್ಲ, ಪ್ರತಿ ಉಬ್ಬಿಗೂ ಟೋ ಬದಲಾಗುತ್ತದೆ. ನಿಂತ ಕಾರಿನ ಟೋ ಅಂಕಿಯಲ್ಲಿ ಇದು ಕಾಣದು. ಸ್ಟೇರಿಂಗ್ ರ‍್ಯಾಕಿನ ಕೆಳಗೆ ಬಿಲ್ಲೆ ಇಟ್ಟು ಎತ್ತರಿಸಿದರೆ ಪರಿಹಾರ. ಟೈ ರಾಡಿನ ಒಳತುದಿಯಲ್ಲಿ ಮೂಲತಃ ರಬ್ಬರ್ ಇರುತ್ತಿತ್ತು. ಅದು ಸವೆದು ಮೆತ್ತಗಾದರೆ ಸ್ಟೇರಿಂಗ್ ತಿರುಗಿಸುವುದಕ್ಕೂ ಚಕ್ರ ತಿರುಗುವುದಕ್ಕೂ ನಡುವೆ ಒಂದು ಕ್ಷಣ ಕಳೆದುಹೋಗುತ್ತದೆ. ಬಾಲ್ ಜಾಯಿಂಟ್ ಇರುವ ಟರ್ಬೊ ಮಾದರಿಯ ಟೈ ರಾಡ್ ಹಾಕಿಸುವವರು ಕಳೆಯಲು ಹೊರಟಿರುವುದು ಈ ಮೆತ್ತನೆಯನ್ನೇ.

ರಬ್ಬರಿನ ಮಾತನ್ನು ಪೋರ್ಷೆಯವರೇ ಕೊನೆಮುಟ್ಟಿಸಿದರು. ತಿರುವಿನ ನಡುವೆ ಹೆದರಿ ಆಕ್ಸಲರೇಟರ್ ಬಿಟ್ಟರೆ ಹಿಂಭಾಗ ಹೊರಕ್ಕೆ ಜಾರುತ್ತದೆ ಎಂಬ ದೂರು ಹಳೆಯದು. ಇದಕ್ಕೆ ಒಂದು ಮುಖ್ಯ ಕಾರಣ ಹಿಂದಿನ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್: ವೇಗ ಇಳಿಯುವಾಗ ರಸ್ತೆ ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ, ರಬ್ಬರ್ ಸೋಲುತ್ತದೆ, ಚಕ್ರ ಟೋ-ಔಟ್ ಕಡೆಗೆ ತಿರುಗುತ್ತದೆ. ಗೇಜಿನ ಮುಂದೆ ನಿಂತಾಗ ಸರಿಯಾಗಿದ್ದ ಕೋನ, ಬೇಕಾದ ಕ್ಷಣದಲ್ಲಿ ಇರುವುದೇ ಇಲ್ಲ. 1977ರಲ್ಲಿ ಜಿನೀವಾದಲ್ಲಿ ತೋರಿಸಿದ 928 ಕಾರಿನ ವೈಸಾಖ್ ಆಕ್ಸಲ್ ಆ ಸೋಲನ್ನೇ ತಿರುವುಮುರುವು ಮಾಡಿತು: ಅದೇ ಎಳೆತಕ್ಕೆ ಚಕ್ರ ಟೋ-ಇನ್ ಆಗುವಂತೆ ಆರ್ಮಿನ ಕೀಲು ಕೂರಿಸಿದರು. ಚಲಿಸುವ ಕಾರಿನ ಅಲೈನ್‌ಮೆಂಟ್ ಎಂಬ ವಿಚಾರ ಆ ಒಂದು ಕೀಲಿನಲ್ಲಿ ಕಬ್ಬಿಣವಾಗಿ ನಿಂತಿದೆ. ಈ ಇತಿಹಾಸದಲ್ಲಿ ನಾನು ಹೆಚ್ಚು ಮೆಚ್ಚುವ ವಸ್ತು ಅದು.

ಕೈಯ ಅನುಭವವನ್ನು ನಂಬಲಾದೀತೇ ಎಂಬ ಆಕ್ಷೇಪಕ್ಕೆ ಬಲವಿದೆ. ಮನುಷ್ಯನ ಕೈ ರೋಗವನ್ನು ಗುರುತಿಸುತ್ತದೆ, ಕಾರಣದಲ್ಲಿ ಆಗಾಗ ತಪ್ಪುತ್ತದೆ. ನೀರು ಹರಿಯಲೆಂದು ಅಂಚಿಗೆ ಇಳಿಜಾರು ಮಾಡಿದ ರಸ್ತೆಯ ಎಳೆತವನ್ನು ಅದು ಕಾರಿನ ಎಳೆತ ಎಂದುಕೊಳ್ಳಬಹುದು. ಅದಕ್ಕೇ ಒಳ್ಳೆಯ ಮೆಕ್ಯಾನಿಕ್‌ಗಳು ಗೇಜಿಗೆ ಮುಂಚೆ ಒಂದು ಕ್ರಮ ಇಟ್ಟುಕೊಂಡಿದ್ದಾರೆ: ಗಾಳಿ ನೋಡು, ಚಕ್ರ ಎತ್ತಿ ಅಲ್ಲಾಡಿಸಿ ಬೇರಿಂಗ್, ಬಾಲ್ ಜಾಯಿಂಟುಗಳಲ್ಲಿ ಆಟ ಇದೆಯೇ ನೋಡು, ಬುಷ್ ಸೀಳಿದೆಯೇ ನೋಡು, ಎತ್ತರ ನೋಡು, ಆಮೇಲೆ ಕೋನ. ಒಂದು ಬದಿಗೆ ಎಳೆಯುವ ಕಾರಿನ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡುವುದು ಈ ಕ್ರಮದ ಅತ್ಯಂತ ಸರಳ ಪರೀಕ್ಷೆ. ಎಳೆತವೂ ಬದಿ ಬದಲಿಸಿದರೆ ದೋಷ ಟೈರಿನೊಳಗಿದೆ. 1990ರ ದಶಕದಿಂದ ಬಳಕೆಗೆ ಬಂದ ಕ್ಯಾಮೆರಾ ಯಂತ್ರಗಳು ನಾಲ್ಕೂ ಚಕ್ರಗಳ ಕೋನವನ್ನು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾಗಿ ತೋರಿಸುತ್ತವೆ, ಆ ಮಟ್ಟಿಗೆ ಅವು ದೊಡ್ಡ ಉಪಕಾರ. ಆದರೆ ಸವೆದ ಬುಷ್ ಇರುವ ಕಾರನ್ನು ಸೂಕ್ಷ್ಮವಾಗಿ ಅಳೆದರೆ ದಕ್ಕುವುದು ಅದು ಆ ಗಳಿಗೆಯಲ್ಲಿ ನಿಂತ ಭಂಗಿ ಮಾತ್ರ. ಗ್ಯಾರೇಜಿನ ಬಾಗಿಲು ದಾಟುವಷ್ಟರಲ್ಲಿ ಆ ಭಂಗಿ ಬದಲಾಗಿರುತ್ತದೆ.

2011ರಲ್ಲಿ 911ರ 991 ಪೀಳಿಗೆಗೆ ವಿದ್ಯುತ್ ಪವರ್ ಸ್ಟೇರಿಂಗ್ ಬಂತು, ರಸ್ತೆಯ ಸುದ್ದಿ ಕೈಗೆ ಬರುವುದು ಕಡಿಮೆಯಾಯಿತು ಎಂಬ ಹೊಸ ದೂರೂ ಜೊತೆಗೇ ಬಂತು. ಇನ್ನು ಮುಂದೆ ಎಲ್ಲವೂ ಸಾಫ್ಟ್‌ವೇರ್, ಹಳೆಯ ಕ್ರಮಕ್ಕೆ ಕೆಲಸವಿಲ್ಲ ಎನ್ನುವವರಿದ್ದಾರೆ. ಆದರೆ ವಿದ್ಯುತ್ ಸ್ಟೇರಿಂಗಿನ ಕಾರುಗಳಲ್ಲಿ ಸ್ಟೇರಿಂಗಿನ ಕೋನ ಓದುವ ಒಂದು ಸೆನ್ಸರ್ ಇರುತ್ತದೆ. ಟೋ ತಿದ್ದಿ ಸ್ಟೇರಿಂಗ್ ಚಕ್ರವನ್ನು ನೇರ ಮಾಡಿದ ಮೇಲೆ, ಅಗತ್ಯವಿರುವ ಮಾದರಿಗಳಲ್ಲಿ, ಆ ಸೆನ್ಸರಿಗೂ ಹೊಸ ನೇರ ಯಾವುದೆಂದು ತಿಳಿಸಬೇಕು. ತಿಳಿಸದೆ ಬಿಟ್ಟರೆ ನಾಲ್ಕೂ ಚಕ್ರಗಳ ಅಂಕಿ ಹಸಿರಾಗಿದ್ದರೂ, ಸಹಾಯಕ್ಕೆಂದು ಇರುವ ಮೋಟಾರೇ ಕಾರನ್ನು ಒಂದು ಬದಿಗೆ ಒತ್ತುವ ಸಂಭವವಿದೆ.